ಹಿಂದಿನ ವಾರ್ಡಿಗೆ ಬಂದ ಶೀಲ್ಡು

ಆಸ್ಪತ್ರೆಯಲ್ಲಿ ನಗಬಾರದು ಎಂದು ಯಾವ ಗೋಡೆಯ ಮೇಲೂ ಬರೆದಿಲ್ಲ. ಆದರೂ ನಗು ಬಂದಾಗ ನಾನು ಬಾಯಿಗೆ ಹೆಗಲ ಮೇಲಿನ ವಲ್ಲಿ ಅಡ್ಡ ಹಿಡಿಯುತ್ತೇನೆ. ಬಳ್ಳಾರಿಯ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಕೂತೇ ನನ್ನ ತಲೆ ನರೆತಿದೆ. ಅಳುವವರ ನಡುವೆಯೇ ಶಿವ ಎಲ್ಲೋ ಒಂದು ನಗೆಯನ್ನು ಬಿಸಾಕಿರುತ್ತಾನೆ. ನಾವು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಬಂದು ಕಾಲಿಗೆ ತೊಡರುತ್ತದೆ.

ನಾನು ಜಂಗಮರ ಮನೆಯವನು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿಯೇ ಕಚೇರಿಗೆ ಬರುವುದು. ಹಾಗಾಗಿ ಬಿಲ್ಲು ಕಟ್ಟಲು ಬಂದವರು ರೊಕ್ಕ ಕೊಡುವ ಮೊದಲು ಕಾಲು ಮುಟ್ಟುತ್ತಾರೆ, ಒಳಗೆ ಆಪರೇಷನ್ ನಡೆದಿದೆ, ಚೂರು ವಿಭೂತಿ ಕೊಡ್ರಿ ಸ್ವಾಮೇರ ಅನ್ನುತ್ತಾರೆ. ನನ್ನ ಜೇಬಿನಲ್ಲಿ ಪೆನ್ನು ಮರೆತರೂ ವಿಭೂತಿ ಗಟ್ಟಿ ಮರೆತದ್ದಿಲ್ಲ. ಒಮ್ಮೆ ತನ್ನ ಮಗನಿಗೆಂದು ವಿಭೂತಿ ಕಟ್ಟಿಸಿಕೊಂಡವನೊಬ್ಬ, ಬಿಲ್ಲು ನೋಡಿ ವಾಪಸ್ ಬಂದು, “ಸ್ವಾಮೇರ, ನನಗೂ ಒಂದೀಟು ಹಚ್ಚಿಬಿಡ್ರಿ” ಅಂದ.

ಈಗ ಹೇಳಹೊರಟದ್ದು ನಮ್ಮ ಆಸ್ಪತ್ರೆಯನ್ನು ಅಳೆಯಲು ಹೊರಗಿನವರು ಬಂದ ವರ್ಷದ ಮಾತು. ಆಸ್ಪತ್ರೆ ನಷ್ಟದಲ್ಲಿದೆ, ಯಾವ ವಾರ್ಡು ದುಡಿಯುತ್ತದೆ, ಯಾವುದು ಕೂತು ಉಣ್ಣುತ್ತದೆ ನೋಡಬೇಕು ಎಂದು ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅನ್ನಿಸಿತು. ಅದಕ್ಕಾಗಿ ಮೈಸೂರು ಕಡೆಯಿಂದ ಖರ್ಚುವೆಚ್ಚ ಅಳೆಯುವ ಮೇಡಂ ಒಬ್ಬರು ಬಂದರು. ಅವರಿಗೆ ಜೊತೆಗಾರ ನಾನು.

ನಮ್ಮಲ್ಲಿ ಔಷಧಿ ಉಗ್ರಾಣದ ಹಿಂದೆ ಆರು ಹಾಸಿಗೆಯ ಒಂದು ವಾರ್ಡಿದೆ. ಹಿಂದಿನ ವಾರ್ಡು ಅನ್ನುತ್ತೇವೆ. ಇನ್ನು ಡಾಕ್ಟರ ಕೈಯಲ್ಲಿ ಏನೂ ಇಲ್ಲ ಎಂದಾದವರನ್ನು ಅಲ್ಲಿ ಮಲಗಿಸಿ, ನೋವು ಕಡಿಮೆ ಮಾಡಿ, ಮೈ ಒರೆಸಿ, ಬಾಯಿಗೆ ನೀರು ಬಿಡುತ್ತಾರೆ. ಅದು ನಷ್ಟದ್ದೆಂದು ಅಳತೆಯಲ್ಲಿ ಬಂದರೆ ಮುಚ್ಚಿ, ಶ್ರೀಮಂತರಿಗೆ ಎಸಿ ಕೋಣೆಗಳನ್ನು ಮಾಡುವುದೆಂದು ನಕ್ಷೆ ಕೂಡ ತಯಾರಾಗಿತ್ತು. ಅಲ್ಲಿನ ಹಿರಿಯ ಸಿಸ್ಟರು ಒಂದು ದಿನ ನನ್ನ ಮೇಜಿನ ಮುಂದೆ ನಿಂತು, “ಸ್ವಾಮೇರ, ಆ ಆರು ಹಾಸಿಗಿ ನಿಮ್ಮ ಲಿಂಗಪ್ಪನ ಕಿವ್ಯಾಗ ಹಾಕ್ರಿ” ಅಂದರು. ನಾನು ದಿನಾ ಹಾಕಿದೆ. ಸ್ಮಶಾನದಲ್ಲಿ ಮನೆ ಮಾಡಿಕೊಂಡವನಿಗೆ ಆ ವಾರ್ಡು ದೂರವೇನಲ್ಲ ಎಂಬ ಧೈರ್ಯ ನನಗೆ.

ಪಗಾರ ಎಂದು?

ಕಲಿಸುವ ಆಸ್ಪತ್ರೆಯ ಲೆಕ್ಕದಲ್ಲಿ ಒಂದು ದೊಡ್ಡ ತೊಡಕಿದೆ. ಅದೇ ಡಾಕ್ಟರು, ಅದೇ ಮಂಚದ ಪಕ್ಕ ನಿಂತು, ಒಂದೇ ಹೊತ್ತಿನಲ್ಲಿ ರೋಗಿಯನ್ನೂ ನೋಡುತ್ತಾರೆ, ಹುಡುಗರಿಗೆ ಪಾಠವನ್ನೂ ಹೇಳುತ್ತಾರೆ. ಅವರ ಸಂಬಳದಲ್ಲಿ ಕಾಲೇಜಿನ ಪಾಲೆಷ್ಟು, ಆಸ್ಪತ್ರೆಯ ಪಾಲೆಷ್ಟು? ಇದನ್ನು ಬೇರೆ ಮಾಡಲೇಬೇಕೆಂದು ಮೇಡಂ ಗಡಿಯಾರ ಹಿಡಿದು ಹೆಂಗಸರ ವಾರ್ಡಿನಲ್ಲಿ ಕೂತರು.

ಅಲ್ಲಿ ಒಬ್ಬ ಮುದುಕಿ ಇದ್ದಳು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಪ್ಯಾಂಟಿನ ಉಳಿದ ದಾರ ಕತ್ತರಿಸುವ ಕೆಲಸ ಮಾಡಿಕೊಂಡಿದ್ದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಬಾಡಿಗೆ ಕೋಣೆಯನ್ನೂ ಬಿಟ್ಟು ಬಂದಿದ್ದಳು. ಆಕೆಯ ಹೃದಯದ ಕವಾಟ ಕೆಟ್ಟು ಒಂದು ವಿಚಿತ್ರ ಸಪ್ಪಳ ಮಾಡುತ್ತಿತ್ತಂತೆ. ಇಷ್ಟು ಸ್ಪಷ್ಟವಾಗಿ ಮತ್ತೆ ಕೇಳಲು ಸಿಗುವುದಿಲ್ಲ ಎಂದು ಪ್ರೊಫೆಸರು ತಮ್ಮ ಹುಡುಗ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ದೇವರ ಗುಡಿಯಲ್ಲಿ ತೀರ್ಥಕ್ಕೆ ನಿಂತ ಹಾಗೆ ಒಬ್ಬೊಬ್ಬರೇ ಬಂದು ಕೇಳಿಕೊಂಡು ಹೋದರು.

ಈಗ ನಡೆದದ್ದು ಪಾಠವೋ ಚಿಕಿತ್ಸೆಯೋ ಎಂದು ಮೇಡಂ ಕೇಳಿದರು. ಪ್ರೊಫೆಸರು ಪಾಠ ಅಂದರು, ತಡೆದು ಚಿಕಿತ್ಸೆ ಅಂದರು, ಕೊನೆಗೆ ಅರ್ಧರ್ಧ ಬರ್ಕೊಳ್ಳಿ ಎಂದು ಮುಂದಿನ ಮಂಚಕ್ಕೆ ಹೋದರು.

ಮುದುಕಿ ನನ್ನನ್ನು ಹತ್ತಿರ ಕರೆದಳು. “ಸ್ವಾಮೇರ, ಆ ಹುಡುಗ್ರು ನನ್ನ ಎದಿಯಾಗಿಂದು ಕೇಳಿ ಡಾಕ್ಟ್ರ ಆಗ್ತಾರಂತ, ಖರೇ ಏನ್ರಿ?”

“ಖರೇ ಅವ್ವಾ. ನಿನ್ನಿಂದ ಕಲಿತಾರ.”

“ಲಗ್ನ ಆಗಿ ನಲವತ್ತು ವರ್ಷ ಬಾಳೆ ಮಾಡಿದೆ, ನನ್ನ ಗಂಡ ಒಂದಿನ ನನ್ನ ಎದಿಯಾಗ ಏನೈತಿ ಅಂತ ಕೇಳಿದ್ದಿಲ್ಲ. ಇಲ್ಲಿ ನೋಡ್ರಿ, ಪಾಳಿ ಹಚ್ಚಿ ಕೇಳ್ತಾರ.” ಸೂರು ನೋಡಿ, ಮತ್ತೆ ಕೇಳಿದಳು. “ಅಂದ್ರ ನಾನೂ ಮೇಷ್ಟ್ರು ಆದಂಗಾತು. ನನಗ ಪಗಾರ ಎಂದು ಕೊಡ್ತೀರಿ?”

ಅಮಾಸಿ ಮತ್ತು ಅತ್ತೆ

ಅಂದಿನಿಂದ ಆಕೆ ಎಲ್ಲರಿಗೂ ಮೇಷ್ಟ್ರಮ್ಮ. ವಾರ ಕಳೆಯುವುದರೊಳಗೆ, ಆ ಮೈ ಆಪರೇಷನ್ ತಡೆಯುವುದಿಲ್ಲ, ಇನ್ನು ಬಹಳ ದಿನವೂ ಇಲ್ಲ ಎಂದು ಹೇಳಿ ಆಕೆಯನ್ನು ಹಿಂದಿನ ವಾರ್ಡಿಗೆ ಕಳಿಸಿದರು. ಅಲ್ಲಿ ಕಿಟಕಿಯಿಂದ ಕೋಟೆ ಗುಡ್ಡ ಕಾಣುತ್ತದೆ. ಆಕೆಗೆ ಅದು ಹಿಡಿಸಿತು. ವಾರ್ಡು ಮುಚ್ಚುವ ಸುದ್ದಿ ಯಾರೋ ಕಿವಿಗೆ ಹಾಕಿದಾಗ ಆಕೆ ಸಿಸ್ಟರಿಗೆ ಅಂದಳಂತೆ, ಉಳಿದವರನ್ನ ಒಯ್ಯಾಕ ಮನಿ ಅದಾವು, ನನಗ ಇದಾ ಮನಿ, ಎಲ್ಲಿಗೆ ಕಳಿಸ್ತೀರಿ?

ಮೇಡಂ ಮಾತ್ರ ತಮ್ಮ ಕಂಪ್ಯೂಟರಿನಲ್ಲಿ ಬೇರೆಯೇ ಒಂದು ಗುಡ್ಡ ನೋಡುತ್ತಿದ್ದರು. ಎಷ್ಟು ಹಾಸಿಗೆ ತುಂಬಿವೆ ಎಂಬ ಗೆರೆ ತಿಂಗಳಿಗೊಮ್ಮೆ ತಪ್ಪದೆ ಮೇಲೇಳುತ್ತಿತ್ತು. ತಿಂಗಳಿಗೊಮ್ಮೆ ಬರುವ ಜ್ವರ ಈ ಕಡೆ ಇದೆಯೇ ಎಂದು ಅವರು ಪ್ರೊಫೆಸರನ್ನೇ ವಿಚಾರಿಸಿದ್ದರು. ನಾನು ಗೋಡೆಯ ಕ್ಯಾಲೆಂಡರ್ ತೋರಿಸಿದೆ. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಆಸ್ಪತ್ರೆಯಿಂದ ಮನೆಗೆ ಹೋಗುವುದಿಲ್ಲ. ಡಾಕ್ಟರು ಹೋಗು ಅಂದರೂ ಹೊಟ್ಟೆ ಹಿಡಿದುಕೊಂಡು ಮಲಗುತ್ತಾರೆ.

ಅವರಿಗೆ ಒಂದು ಉಪಾಯ ಹೊಳೆಯಿತು. ಅಮಾವಾಸ್ಯೆಯ ದಿನ ಬಿಡುಗಡೆ ಆಗುವವರನ್ನು ಆಸ್ಪತ್ರೆಯ ಗಾಡಿಯಲ್ಲೇ ಪುಕ್ಕಟೆ ಮನೆಗೆ ಬಿಡುವುದು. ಗಾಡಿ ಖರ್ಚಿಗಿಂತ ಹಾಸಿಗೆ ಖಾಲಿಯಾದ ಲಾಭ ದೊಡ್ಡದು. ಮುಂದಿನ ಅಮಾವಾಸ್ಯೆಗೆ ಕುರುಗೋಡಿನ ಒಬ್ಬ, ಹರ್ನಿಯಾ ಆಪರೇಷನ್ ಆಗಿ ಗುಣವಾದವನು, ತಕ್ಷಣ ಒಪ್ಪಿದ. ಮೇಡಂಗೆ ಸಂತೋಷವೋ ಸಂತೋಷ. ಸಂಜೆ ನೋಡಿದರೆ ಅವನು ಅದೇ ಮಂಚದ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ಗಾಡಿ ಹೋಗಿತ್ತು. ಅದರಲ್ಲಿ ಹಾಸಿಗೆ ಸುರುಳಿ, ಕೊಡ, ಸ್ಟೊವ್ ಮತ್ತು ಅವನನ್ನು ನೋಡಿಕೊಳ್ಳಲು ಬಂದಿದ್ದ ಹೆಂಡತಿಯ ತಾಯಿ ಹೋಗಿದ್ದರು.

ಇದೇನಪ್ಪ ಎಂದು ಕೇಳಿದೆ. ಅಮಾಸಿ ದ್ವಾಷ ಸಾಮಾನಿಗೆ ತಟ್ಟಂಗಿಲ್ರಿ ಅಂದ.

“ಮತ್ತ ನಿಮ್ಮ ಅತ್ತಿ?”

ಅವನು ಹಣ್ಣು ಬಾಯಿಗಿಟ್ಟುಕೊಂಡು ಸಾವಧಾನವಾಗಿ ಹೇಳಿದ. “ಆಕೀನ ಕಂಡ್ರ ಅಮಾಸೀನ ದಾರಿ ಬಿಡತೈತಿ, ಸ್ವಾಮೇರ.”

ಸಿರುಗುಪ್ಪದ ಅಕ್ಕಿ

ಸಿರುಗುಪ್ಪದಲ್ಲಿ ನಮ್ಮ ಕಾಲೇಜಿನದೊಂದು ಹಳ್ಳಿ ದವಾಖಾನೆ ಇದೆ. ಹುಡುಗರು ಅಲ್ಲಿಗೆ ಹೋಗಿ ಕೆಲವು ವಾರ ಇದ್ದು ಕಲಿಯುತ್ತಾರೆ. ಅದನ್ನೂ ಅಳೆಯಲು ಹೋದೆವು. ಗದ್ದೆ ಕೊಯ್ಲು ಮುಗಿದ ಹೊತ್ತು, ಎಲ್ಲೆಲ್ಲೂ ಹೊಸ ಹುಲ್ಲಿನ ವಾಸನೆ.

ನಾವು ಕೂತಿದ್ದಾಗಲೇ ಸಿರಿಗೇರಿಯ ರೈತನೊಬ್ಬ ಬೈಕಿನ ಹಿಂದೆ ಅಕ್ಕಿ ಮೂಟೆ ಕಟ್ಟಿಕೊಂಡು ಬಂದು ಜಗುಲಿಗೆ ಇಳಿಸಿದ. ಸೋನಾ ಮಸೂರಿ. ಪ್ರತಿ ಸುಗ್ಗಿಗೂ ತರುತ್ತಾನೆ. ಅದು ನಮ್ಮ ಗಾಡಿಯಲ್ಲಿ ಬಳ್ಳಾರಿಗೆ ಬಂದು ಹಿಂದಿನ ವಾರ್ಡಿನ ಗಂಜಿ ಅನ್ನ ಆಗುತ್ತದೆ.

ಇದನ್ನು ಯಾವ ತಲೆಬರಹದಡಿ ತೋರಿಸುತ್ತೀರಿ ಎಂದು ಮೇಡಂ ನನ್ನನ್ನು ಕೇಳಿದರು. ಫೀಜೋ, ದೇಣಿಗೆಯೋ? ಅದು ಬಂದದ್ದೇ ಒಲೆಯ ಮೇಲೆ ಹೋಗುತ್ತದೆ, ನನ್ನ ಮೇಜಿನ ತನಕ ಬರುವುದೇ ಇಲ್ಲ ಅಂದೆ. ಮೇಡಂ ನಕ್ಕು, ರೈತನ ಕಡೆ ತಿರುಗಿ, ನಿಮ್ಮ ಮನೆಯವರು ಇಲ್ಲಿ ಗುಣವಾದರೇ ಎಂದು ಕೇಳಿದರು.

“ಇಲ್ರಿ. ನನ್ನ ಹೆಂಡ್ತಿ. ಹಿಂದಿನ ವಾರ್ಡಿನಾಗಿದ್ಲು. ತೀರಿಕೊಂಡ್ಲು.”

ಮೇಡಂ ಮುಖ ಸಣ್ಣದಾಯಿತು. ಆದರೂ ತಡೆಯಲಾರದೆ, ಮತ್ತೆ ಈ ಅಕ್ಕಿ ಯಾಕೆ ಅಂದರು.

ರೈತ ಮೂಟೆಯ ಮೇಲಿನ ಧೂಳು ತಟ್ಟಿದ. “ಕಡೀ ದಿನದಾಗ ಆಕಿಗೆ ಅನ್ನ ಸೇರ್ತಿದ್ದಿಲ್ರಿ. ದವಾಖಾನಿ ಅಕ್ಕಿ ಅಂದ್ರ ಕಲ್ಲು, ಮನುಷ್ಯಾರು ತಿನ್ನಂಗಿಲ್ಲ ಅಂತ ಡಾಕ್ಟ್ರಿಗೆ ಬೈದ್ಲು, ಸಿಸ್ಟರಮ್ಮಗ ಬೈದ್ಲು, ನನಗಂತೂ ಬಿಡ್ರಿ. ಮನ್ಯಾಗ ಇಷ್ಟು ನೆಲ್ಲು ಇಟಗೊಂಡು ನನಗ ಇದನ್ನ ತಿನ್ನಸ್ತೀಯಲ್ಲೋ ಅಂದ್ಲು. ನಾ ತರಾದ್ರೊಳಗ ಹೋಗಿಬಿಟ್ಲು.”

ಮೇಡಂ ಕಣ್ಣು ಕೆಳಗೆ ಹಾಕಿದರು. ನಾನು ಒಳಗೊಳಗೇ ಶಿವ ಶಿವ ಅಂದೆ. ರೈತ ಬೈಕು ಹತ್ತಿ ಕಿಕ್ ಹೊಡೆಯುತ್ತ, ತನಗೇ ಎಂಬಂತೆ ಅಂದ. “ವರ್ಷಾ ತಂದ್ ಹಾಕ್ತೀನ್ರಿ. ಇನ್ನಾದ್ರೂ ಸುಮ್ಮನಿರ್ತಾಳೇನೋ ನೋಡೂಣು.”

ಕುರುಗೋಡಿನಲ್ಲಿ ಯಾರು ಹೋದರು

ಮುಂದಿನ ಪ್ರಸಂಗಕ್ಕೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಜೀವ ಹೋಗುವುದಾದರೆ ಅದು ಮನೆಯಲ್ಲಿ, ದೇವರ ಜಗಲಿ ಕಾಣುವಂತೆ ಹೋಗಬೇಕು. ಇನ್ನು ಇಂದೋ ನಾಳೆಯೋ ಎಂದು ಸಿಸ್ಟರು ಕಣ್ಣಲ್ಲೇ ತಿಳಿಸಿದರೆ ಮನೆಯವರು ಗಾಡಿ ತಂದು ಕರೆದೊಯ್ಯುತ್ತಾರೆ. ಕಂಪ್ಯೂಟರಿನಲ್ಲಿ ಇರುವುದು ಎರಡೇ ದಾರಿ, ಬಿಡುಗಡೆ ಅಥವಾ ಮರಣ. ಉಸಿರಾಡುತ್ತ ಬಾಗಿಲು ದಾಟಿದವರೆಲ್ಲ ಬಿಡುಗಡೆ.

ಹೀಗೆ ಹಿಂದಿನ ವಾರ್ಡಿನಲ್ಲಿದ್ದ ಕುರುಗೋಡಿನ ಹಿರಿಯರೊಬ್ಬರನ್ನು ಮಕ್ಕಳು ಒಯ್ಯಲು ಬಂದರು. ಸ್ವಾಮೇರು ಜೊತೆಗಿದ್ದರೆ ಒಳ್ಳೆಯದು, ದಾರಿಯಲ್ಲಿ ಏನಾದರೂ ಆದರೆ ಕಿವಿಯಲ್ಲಿ ಮಂತ್ರ ಹೇಳಲು ಒಬ್ಬರು ಬೇಕು ಎಂದು ಬೇಡಿಕೊಂಡರು. ಅಲ್ಲಿನ ನಮ್ಮ ಕ್ಲಿನಿಕ್ಕನ್ನೂ ನೋಡಿದಂತಾಯಿತೆಂದು ಮೇಡಂ ಆ ಗಾಡಿಯನ್ನೇ ಹತ್ತಿದರು. ಹಿರಿಯರು ಕಣ್ಣು ಮುಚ್ಚಿ ಎರಡು ದಿನವಾಗಿತ್ತು. ನಾನು ಅವರ ತಲೆಯ ಬಳಿ ಕೂತು ಪಂಚಾಕ್ಷರಿ ಹೇಳುತ್ತಿದ್ದೆ. ಹಿರಿಯ ಮಗ ಕಣ್ಣೊರೆಸಿಕೊಳ್ಳುತ್ತಲೇ ಫೋನಿನಲ್ಲಿ ಶಾಮಿಯಾನ ಎಷ್ಟು ಉದ್ದ ಹಾಕಬೇಕೆಂದು ಹೇಳುತ್ತಿದ್ದ.

ಊರು ಹತ್ತಿರವಾಯಿತು. ರಸ್ತೆ ಪಕ್ಕದ ಬಂಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಆ ವಾಸನೆ ಗಾಡಿಯೊಳಗೆ ನುಗ್ಗಿತು. ಹಿರಿಯರ ಮೂಗಿನ ಹೊಳ್ಳೆ ಅಲ್ಲಾಡಿತು. ಆಮೇಲೆ ಒಂದು ಕಣ್ಣು ತೆರೆಯಿತು. “ಒಗ್ಗರಣಿ ಐತೇನು ಕೇಳು” ಅಂದರು.

ಮಗನ ಕೈಯಿಂದ ಫೋನು ಬಿತ್ತು. ಮೇಡಂ ತಾವೇ ಗಾಡಿ ನಿಲ್ಲಿಸಿ, ಇಳಿದು ಹೋಗಿ ಮಂಡಕ್ಕಿ ಒಗ್ಗರಣೆಯ ಮೇಲೆ ಒಂದು ಮಿರ್ಚಿ ಇಡಿಸಿಕೊಂಡು ಬಂದರು. ಹಿರಿಯರು ಚೂರು ನಾಲಿಗೆಗೆ ಮುಟ್ಟಿಸಿಕೊಂಡು, ಉಪ್ಪು ಕಡಿಮೆ ಅಂದರು.

ದೊಡ್ಡಬಸವಣ್ಣನ ಗುಡಿಯ ಶಿಖರಕ್ಕೆ ಕೈಮುಗಿದು ಓಣಿಗೆ ತಿರುಗಿದೆವು. ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಬೀಗರು, ನೆಂಟರು, ಓಣಿಯವರು ಎಲ್ಲ ಕೂಡಿದ್ದರು. ಹೂವಿನ ಬುಟ್ಟಿಯೂ ಬಂದಿತ್ತು. ಗಾಡಿಯ ಬಾಗಿಲು ತೆಗೆದರೆ ಹಿರಿಯರು ಮಗನ ಎದೆಗೆ ಒರಗಿ ಕೂತಿದ್ದಾರೆ. ಅಳಲು ಸಿದ್ಧವಾಗಿ ಸೆರಗು ಬಾಯಿಗೆ ಇಟ್ಟವರು ಇಟ್ಟ ಹಾಗೇ ನಿಂತರು.

ಅವರು ಶಾಮಿಯಾನ ನೋಡಿದರು, ಜನ ನೋಡಿದರು, ಕಳವಳದಿಂದ ಕೇಳಿದರು. “ಯಾರ್ ಹೋದ್ರಪ್ಪಾ?”

ಮಕ್ಕಳು ನೆಲ ನೋಡಿದರು. ಪಕ್ಕದ ಮನೆಯವನೊಬ್ಬ, ಸುಳ್ಳು ಹೇಳಿ ಗೊತ್ತಿಲ್ಲದ ಪ್ರಾಣಿ, ಮೆಲ್ಲಗೆ ಹೇಳಿದ.

“ಇನ್ನಾ ಯಾರೂ ಹೋಗಿಲ್ಲ, ಮಾವ. ಎಲ್ಲಾರೂ ಕಾಯಾಕತ್ತೀವಿ.”

ಶೀಲ್ಡು

ಆ ಹಿರಿಯರು ಆ ವಾರವೇ ತಮ್ಮ ಜಗಲಿಯ ದೀಪ ನೋಡುತ್ತ ಶಿವನ ಪಾದ ಸೇರಿದರು. ಮೇಡಂಗೆ ನಾನೇ ತಿಳಿಸಿದೆ. ನಾನು ಅಂಕಿಗಳನ್ನು ಈಗಾಗಲೇ ಅಧ್ಯಕ್ಷರಿಗೆ ಕಳಿಸಿಬಿಟ್ಟಿದ್ದೇನೆ ಸ್ವಾಮಿ, ಮಂಡಳಿಯ ಸಭೆಯಲ್ಲಿ ಹೇಳುತ್ತೇನೆ ಅಂದರು. ಏನೆಂದು ನನಗೆ ತಿಳಿಯಲಿಲ್ಲ.

ಸಭೆಯ ದಿನ ಸಿಸ್ಟರು ಬಾಗಿಲ ಬಳಿ ಕೂತಿದ್ದರು, ಕರೆದ ಕೂಡಲೇ ಬೈಸಿಕೊಳ್ಳಲು ಅನುಕೂಲವಾಗಲೆಂದು. ನಾನು ಅಂಗಿಯ ಮೇಲಿಂದಲೇ ಕೊರಳ ಲಿಂಗದ ಕರಡಿಗೆ ಹಿಡಿದು, ತಂದೆ, ಆ ಮೇಷ್ಟ್ರಮ್ಮನಿಗೆ ಒಂದು ಮಂಚ ಉಳಿಸು ಎಂದು ಬೇಡುತ್ತಿದ್ದೆ.

ನಮ್ಮ ಅಧ್ಯಕ್ಷರಿಗೆ ಶೀಲ್ಡು ಕೊಡುವುದೆಂದರೆ ಪ್ರಾಣ. ಅಂಕಿಗಳ ಪಟ್ಟಿ ಕೈಸೇರಿದ ಕೂಡಲೇ ಮೊದಲ ಸಾಲು ಓದಿ, ಶೀಲ್ಡಿಗೆ ಹೆಸರು ಕೆತ್ತಿಸಿ, ಪತ್ರಿಕೆಯವರನ್ನೂ ಕರೆಸಿದ್ದರು. ಮೈಕು ಹಿಡಿದು ಸಾರಿದರು. ರೋಗಿಗಳು ಬೇಗ ಬಿಡುಗಡೆಯಾಗುವ ವಾರ್ಡು, ಹಾಸಿಗೆ ಬೇಗ ಖಾಲಿಯಾಗುವ ವಾರ್ಡು, ಈ ವರ್ಷ ಒಂದೂ ಸಾವು ಕಾಣದ ವಾರ್ಡು, ಊಟದ ಖರ್ಚು ಅತಿ ಕಡಿಮೆ ಇರುವ ವಾರ್ಡು, ಈ ಎಲ್ಲದರಲ್ಲೂ ಪ್ರಥಮ ಸ್ಥಾನ ಹಿಂದಿನ ವಾರ್ಡಿಗೆ.

ಮೇಡಂ ಎದ್ದು, ಸರ್, ಅದರ ಬಗ್ಗೆ ಒಂದು ಮಾತು ಅಂದರು. ಮೊದಲು ಫೋಟೋ ಅಂದರು ಅಧ್ಯಕ್ಷರು. ಸಿಸ್ಟರನ್ನು ಎಳೆದುಕೊಂಡು ಬಂದು ನಿಲ್ಲಿಸಿ, ಶೀಲ್ಡು ಕೊಟ್ಟು, ಫೋಟೋ ತೆಗೆಸಿದರು. ಆಮೇಲೆ ಮೈಕನ್ನು ಸಿಸ್ಟರ ಕೈಗೇ ಕೊಟ್ಟು, ಏನಮ್ಮ ನಿಮ್ಮ ಗುಟ್ಟು, ಎಲ್ಲ ವಾರ್ಡಿನವರೂ ಕಲಿಯಲಿ, ಹೇಳಿ ಅಂದರು.

ಸಿಸ್ಟರು ಮೈಕನ್ನು ಬಾಯಿಯಿಂದ ದೂರ ಹಿಡಿದರು. “ಗುಟ್ಟೇನಿಲ್ಲ ಸರ್. ನಮ್ಮಲ್ಲಿ ಬಂದವ್ರು ಮನಿಗೆ ಹೋಗಿ ಸಾಯ್ತಾರ್ರಿ. ಅದನ್ನ ಎಲ್ಲಾ ವಾರ್ಡಿನವ್ರೂ ಕಲಿತ್ರ ಕಷ್ಟ ಆಗ್ತೈತಿ.”

ಮೇಡಂ ಮತ್ತೆ ಎದ್ದು, ಅವರು ಹೇಳಿದ್ದು ನಿಜ, ನಾನು ಕುರುಗೋಡಿನಲ್ಲಿ ಕಣ್ಣಾರೆ ಕಂಡೆ, ನನ್ನ ಅಳತೆಗೆ ಇದು ಸಿಕ್ಕುವುದಿಲ್ಲ, ಈ ವಾರ್ಡನ್ನು ಪಟ್ಟಿಯಿಂದ ಹೊರಗಿಟ್ಟು ಹಾಗೇ ನಡೆಸಿಕೊಂಡು ಹೋಗಿ ಎಂದರು. ಅಧ್ಯಕ್ಷರು ಒಮ್ಮೆ ಶೀಲ್ಡು ನೋಡಿದರು, ಒಮ್ಮೆ ಪತ್ರಿಕೆಯವರನ್ನು ನೋಡಿದರು. ಮೊದಲ ಬಹುಮಾನ ಕೊಟ್ಟ ವಾರ್ಡಿಗೆ ನಾಳೆ ಬೀಗ ಹಾಕುವುದು ಹೇಗೆ? ಎಸಿ ಕೋಣೆಗಳ ನಕ್ಷೆಯನ್ನು ಮಡಿಸಿ ಬಗಲಿಗೆ ಇಟ್ಟುಕೊಂಡರು. ವಾರ್ಡು ಉಳಿಯಿತು. ಆದರೆ ಪಟ್ಟಿಯಿಂದ ಹೊರಗಿಡಲು ಮಾತ್ರ ಒಪ್ಪಲಿಲ್ಲ, ಶೀಲ್ಡು ವರ್ಷಾ ವರ್ಷಾ ತಿರುಗಬೇಕಲ್ಲ.

ಸಿಸ್ಟರು ಶೀಲ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾರ್ಡಿಗೆ ಬಂದರು. ಮೇಷ್ಟ್ರಮ್ಮನ ಕಣ್ಣು ತಪ್ಪಿಸಲಾಗಲಿಲ್ಲ. ಯಾತಕ್ಕ ಬಂತು ಅಂದಳು. ಸಿಸ್ಟರು ಬಾಚಣಿಗೆ ಹುಡುಕಿದರು. ಬಿಡದೆ ಕೇಳಿದಾಗ, ಹಾಸಿಗಿ ಲಗೂನ ಖಾಲಿ ಆಗೂದಕ್ಕ ಎಂದು ಹೇಳಿಯೇಬಿಟ್ಟರು.

ಮುದುಕಿ ಯೋಚನೆಗೆ ಬಿದ್ದಳು. “ಹಂಗಾದ್ರ ನಾ ಇನ್ನಾ ಇದ್ದು ನಿಮ್ಮ ಮಾನ ಕಳ್ಯಾಕತ್ತೀನೇನವ್ವಾ?”

“ಕಳೀರಿ ಯವ್ವಾ,” ಅಂದರು ಸಿಸ್ಟರು, ಆಕೆಯ ಕೂದಲು ಬಾಚುತ್ತ. “ಪೂರಾ ಕಳೀರಿ.”

ಮೇಷ್ಟ್ರಮ್ಮ ಆ ಮಾತು ನಡೆಸಿಕೊಟ್ಟಳು. ಡಾಕ್ಟರು ಇಲ್ಲ ಅಂದ ದಿನಗಳನ್ನೆಲ್ಲ ದಾಟಿದಳು. ಹುಡುಗರು ಬಂದು ಬಂದು ಆಕೆಯ ಎದೆ ಕೇಳಿ ಪಾಸಾಗಿ ಹೋದರು. ಅಕ್ಕಪಕ್ಕದ ಮಂಚದವರು ಗಾಡಿ ಹತ್ತಿ ಮನೆಗೆ ಹೋಗುವಾಗ ಆಕೆ ಮಲಗಿದಲ್ಲಿಂದಲೇ ಕೈಮುಗಿಯುತ್ತಿದ್ದಳು. ಒಬ್ಬಳೇ ಮುದುಕಿ ವರ್ಷವಿಡೀ ಮಂಚ ಬಿಡದೆ ಮಲಗಿದ್ದಕ್ಕೆ ಆರು ಹಾಸಿಗೆಯವರು ಮಲಗಿದ ದಿನಗಳ ಸರಾಸರಿ ಏರಿ, ಮರುವರ್ಷ ಹಿಂದಿನ ವಾರ್ಡು ಪಟ್ಟಿಯಲ್ಲಿ ಕೆಳಗಿಳಿಯಿತು. ಅಷ್ಟರಲ್ಲಿ ಅದನ್ನು ಮುಚ್ಚುವ ಮಾತು ಅಧ್ಯಕ್ಷರಿಗೂ ಮರೆತಿತ್ತು. ಶೀಲ್ಡು ಕಣ್ಣಿನ ವಿಭಾಗದ ಪಾಲಾಯಿತು.

ಒಯ್ಯಲು ಅಲ್ಲಿಂದ ಒಬ್ಬ ಅಟೆಂಡರ್ ಬಂದ. ಆ ದಿನ ನಾನೂ ವಾರ್ಡಿನಲ್ಲಿದ್ದೆ, ಮೇಷ್ಟ್ರಮ್ಮನಿಗೆ ವಿಭೂತಿ ಹಚ್ಚಲು ಸಿಸ್ಟರು ಕರೆದಿದ್ದರು. ಆಕೆಯ ಉಸಿರು ಅಷ್ಟರಲ್ಲಿ ಎಳೆಯಾಗಿತ್ತು, ದಾರದ ತುದಿಯ ಹಾಗೆ. ಅಟೆಂಡರ್ ಶೀಲ್ಡನ್ನು ಗೋಡೆಯಿಂದ ಇಳಿಸಿ, ಕಂಕುಳಲ್ಲಿ ಒತ್ತಿಕೊಂಡು ಬಿರಬಿರನೆ ಹೊರಟ. ಆಕೆ ಕಣ್ಣು ತೆರೆದು ಅವನನ್ನು ತಡೆದಳು.

“ಮೆಲ್ಲಕ ಒಯ್ಯಪ್ಪಾ,” ಅಂದಳು. “ಅದನ್ನ ಗೆಲ್ಲಾಕ ನಮ್ಮ ಮಂದಿ ಜೀವಾನ ಕೊಟ್ಟಾರ.”